ಬೆನ್ನು ಕತ್ತರಿಸಿದ ಪುಸ್ತಕಗಳು

ಇವತ್ತು ಕನ್ನಡದಲ್ಲಿ ಹೊರಬರುವ ಪ್ರತಿಯೊಂದು ಪುಸ್ತಕವೂ ಕಂಪ್ಯೂಟರಿನಲ್ಲೇ ಹುಟ್ಟುತ್ತದೆ. ಡಿಟಿಪಿಯವರು ಅಕ್ಷರ ಜೋಡಿಸುತ್ತಾರೆ, ಲೇಖಕರು ಕರಡು ತಿದ್ದುತ್ತಾರೆ, ಪುಟ ಕಟ್ಟಿ ಪ್ರೆಸ್ಸಿಗೆ ಕಳಿಸುತ್ತಾರೆ. ಅಚ್ಚಾಗಿ, ಬೈಂಡಾಗಿ ಅಂಗಡಿಗೆ ಬಂದ ಮೇಲೆ ಯಾರೋ ಒಬ್ಬರು ಒಂದು ಪ್ರತಿ ಕೊಂಡು ತರುತ್ತಾರೆ. ಅದರ ಬೆನ್ನು ಕತ್ತರಿಸಿ ಹಾಳೆ ಬಿಡಿಸುತ್ತಾರೆ. ಹಾಳೆಗಳನ್ನು ಸ್ಕ್ಯಾನರಿಗೆ ಕೊಟ್ಟು, ಬಂದ ಚಿತ್ರಗಳನ್ನು ಅಕ್ಷರವಾಗಿಸುವ ಓಸಿಆರ್ ತಂತ್ರಾಂಶಕ್ಕೆ ಹಾಕಿ, ಅದು ಮಾಡಿದ ತಪ್ಪುಗಳನ್ನು ಸಾಲು ಸಾಲಾಗಿ ತಿದ್ದಿ, ಕೊನೆಗೆ ಕಂಪ್ಯೂಟರಿನಲ್ಲಿ ಓದಬಹುದಾದ ಪಠ್ಯವೊಂದನ್ನು ತಯಾರಿಸುತ್ತಾರೆ. ಕಣ್ಣು ಕಾಣದ ಓದುಗರಿಗೆ ಪುಸ್ತಕ ಸಿಗುವುದು ಆಗ. ಎಲ್ಲಿಂದ ಹೊರಟಿತ್ತೋ ಮರಳಿ ಅಲ್ಲಿಗೇ ಬಂದು ಸೇರಲು ಅದು ತಿಂಗಳುಗಟ್ಟಲೆ ಅಲೆದಿರುತ್ತದೆ.

ಈ ಅಲೆದಾಟವನ್ನು ಹೆಗಲ ಮೇಲೆ ಹೊತ್ತವರು ಸ್ವಯಂಸೇವಕರು. ಅವರ ದುಡಿಮೆಯಿಂದ ಏನಾಯಿತು, ಏನು ಆಗಲಿಲ್ಲ, ಯಾವುದು ಅವರ ಮೇಲೆ ಬೀಳಬಾರದಿತ್ತು ಎಂದು ಕೇಳಿಕೊಳ್ಳಲು ಈಗ ಸಾಕಷ್ಟು ವರ್ಷಗಳು ಕಳೆದಿವೆ.

ಶುರುವಾದದ್ದು ಅಮೆರಿಕದಲ್ಲಿ. ಅಚ್ಚಾದ ಪುಟವನ್ನು ದನಿಯಾಗಿಸುವ ಯಂತ್ರವನ್ನು ರೇ ಕರ್ಜ್‌ವೈಲ್ 1976ರಲ್ಲಿ ತೋರಿಸಿದರು. ಅದನ್ನು ಮೊದಲು ಕೊಂಡವರಲ್ಲಿ ಗಾಯಕ ಸ್ಟೀವಿ ವಂಡರ್ ಒಬ್ಬರು. ಅಂಥವರ ಕೈಗಷ್ಟೇ ಎಟಕುವ ಬೆಲೆ ಅದರದು. 1989ರಲ್ಲಿ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಜಿಮ್ ಫ್ರಕ್ಟರ್‌ಮನ್ ಆರ್ಕೆನ್‌ಸ್ಟೋನ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿ, ಮನೆಯ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸಿ ಅದೇ ಕೆಲಸವನ್ನು ಮಧ್ಯಮ ವರ್ಗದವರ ಅಳವಿಗೆ ತಂದರು. ಕಣ್ಣು ಕಾಣದವರು ತಮಗೆ ಬೇಕಾದ ಪುಸ್ತಕವನ್ನು ತಾವೇ ಒಂದೊಂದು ಪುಟವಾಗಿ ಗಾಜಿನ ಮೇಲಿಟ್ಟು, ಮುಚ್ಚಳ ಮುಚ್ಚಿ, ಓದಿಸಿಕೊಳ್ಳತೊಡಗಿದರು. ಒಂದು ಕಾದಂಬರಿಗೆ ಒಂದಿಡೀ ಸಂಜೆ ಹೋಗುತ್ತಿತ್ತು. ಆದರೂ ಯಾರ ದಾರಿಯನ್ನೂ ಕಾಯಬೇಕಿರಲಿಲ್ಲ.

ಆಮೇಲೆ ಫ್ರಕ್ಟರ್‌ಮನ್ ಅವರ ಕಣ್ಣಿಗೆ ಬಿದ್ದ ಸಂಗತಿ ಬಹಳ ಸರಳವಾದದ್ದು. ಹೆಸರಾದ ಒಂದೇ ಕಾದಂಬರಿಯನ್ನು ಸಾವಿರಾರು ಮನೆಗಳಲ್ಲಿ ಸಾವಿರಾರು ಜನ ಬೇರೆ ಬೇರೆಯಾಗಿ ಸ್ಕ್ಯಾನ್ ಮಾಡುತ್ತಿದ್ದರು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಒಬ್ಬರು ಮಾಡಿದ್ದನ್ನು ಎಲ್ಲರಿಗೂ ಹಂಚಿದರೆ? ಫ್ರಕ್ಟರ್‌ಮನ್ ಅವರ ಮಗ ಆಗ ಸುದ್ದಿಯಲ್ಲಿದ್ದ ನ್ಯಾಪ್‌ಸ್ಟರ್ ಎಂಬ ಹಾಡು ಹಂಚಿಕೊಳ್ಳುವ ವ್ಯವಸ್ಥೆಯನ್ನು ಅಪ್ಪನಿಗೆ ತೋರಿಸಿದ್ದೇ ಇದಕ್ಕೆ ಕಿಡಿಯಾಯಿತೆಂದು ಅವರೇ ಹಲವು ಕಡೆ ಹೇಳಿಕೊಂಡಿದ್ದಾರೆ. ನ್ಯಾಪ್‌ಸ್ಟರ್ ಕೋರ್ಟು ಹತ್ತಿತು. 2002ರಲ್ಲಿ ಆರಂಭವಾದ ಬುಕ್‌ಶೇರ್ ಎಂಬ ಪುಸ್ತಕ ಹಂಚುವ ಗ್ರಂಥಾಲಯ ಹತ್ತಲಿಲ್ಲ, ಏಕೆಂದರೆ ಓದಲು ತೊಡಕಿರುವವರಿಗಾಗಿ ಬೇರೆ ರೂಪದ ಪ್ರತಿ ಮಾಡಲು ಪ್ರಕಾಶಕರ ಅನುಮತಿ ಬೇಕಿಲ್ಲ ಎಂಬ ಚೇಫಿ ತಿದ್ದುಪಡಿ ಅಮೆರಿಕದ ಕಾನೂನಿನಲ್ಲಿ 1996ರಲ್ಲೇ ಬಂದಿತ್ತು.

ನಮ್ಮಲ್ಲಿ ಈ ಕಥೆ ಹೇಳುವಾಗ ಒಂದು ಅಂಶ ಬಿಟ್ಟುಹೋಗುತ್ತದೆ. ಆ ಗ್ರಂಥಾಲಯಕ್ಕೆ ಮೊದಲ ಪುಸ್ತಕಗಳನ್ನು ಕೊಟ್ಟವರಲ್ಲಿ ಬಹಳಷ್ಟು ಜನ ಕಣ್ಣು ಕಾಣದವರೇ. ತಮಗಾಗಿ ಮಾಡಿಕೊಂಡಿದ್ದನ್ನು ಅವರು ಎಲ್ಲರ ಪಾಲಿಗೆ ಬಿಟ್ಟುಕೊಟ್ಟರು. ಕಣ್ಣಿದ್ದವರು ಬಂದು ಸೇರಿಕೊಂಡದ್ದು ಆಮೇಲೆ. ನಮ್ಮ ವರದಿಗಳಲ್ಲಿ, ಸನ್ಮಾನ ಪತ್ರಗಳಲ್ಲಿ ಕೊಡುವವರು ಒಂದು ಕಡೆ, ಪಡೆಯುವವರು ಇನ್ನೊಂದು ಕಡೆ. ಈ ಭಾಷೆ ರೂಢಿಯಾಗಿಬಿಟ್ಟಿರುವುದರಿಂದ ಯಾವ ಪುಸ್ತಕ ಬೇಕೆಂದು ಓದುಗರನ್ನು ಕೇಳಬೇಕೆಂಬುದೂ ನಮಗೆ ತಡವಾಗಿ ಹೊಳೆಯಿತು.

ಬುಕ್‌ಶೇರ್‌ನ ಮೊದಲ ವರ್ಷಗಳ ಕ್ರಮ ಎರಡು ಹಂತದ್ದು. ಒಬ್ಬರು ಸ್ಕ್ಯಾನ್ ಮಾಡಿ ಕೊಡುತ್ತಿದ್ದರು, ಇನ್ನೊಬ್ಬರು ಓದಿ ತಿದ್ದುತ್ತಿದ್ದರು. ಪಠ್ಯ ಎಷ್ಟು ಶುದ್ಧ ಎಂಬುದಕ್ಕೆ ಮೂರು ದರ್ಜೆ: ಅಡ್ಡಿಯಿಲ್ಲ, ಚೆನ್ನಾಗಿದೆ, ಉತ್ತಮ. 'ಅಡ್ಡಿಯಿಲ್ಲ' ದರ್ಜೆಯ ಪುಸ್ತಕ ಕೇಳಿದವರಿಗೆ ಅದರ ಅರ್ಥ ಗೊತ್ತು. ನಾಯಕ ನಾಯಕಿಗೆ ಏನೋ ಹೇಳಹೊರಟ ನಡುವೆ ಪುಟದ ನೆತ್ತಿಯ ಮೇಲಿದ್ದ ಪುಸ್ತಕದ ಹೆಸರು, ಬೆನ್ನಿಗೇ ಪುಟಸಂಖ್ಯೆ, ಆಮೇಲೆ ಉಳಿದರ್ಧ ಮಾತು. ಇಂಗ್ಲಿಷಿನ 'ಮಾಡರ್ನ್' ಎಂಬಲ್ಲಿ ಆರ್ ಮತ್ತು ಎನ್ ಒಂದಕ್ಕೊಂದು ಅಂಟಿ ಎಮ್ ಆಗಿ 'ಮೋಡೆಮ್' ಆಗುವುದು ಈ ಕೆಲಸದವರ ನಡುವೆ ಹಳೆಯ ತಮಾಷೆ.

ಮುಂದೆ ಆದದ್ದು ಗಮನಿಸಬೇಕಾದ್ದು. 2007ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ದೊಡ್ಡ ಅನುದಾನ ಕೊಟ್ಟಿತು. ಅಲ್ಲಿನ ವಿದ್ಯಾರ್ಥಿಗಳಿಗೆ ಸದಸ್ಯತ್ವ ಉಚಿತವಾಯಿತು. ನಿಧಾನವಾಗಿ ಪ್ರಕಾಶಕರೇ ತಮ್ಮ ಡಿಜಿಟಲ್ ಕಡತಗಳನ್ನು ನೇರವಾಗಿ ಕೊಡತೊಡಗಿದರು. ಇಂದು ಅಲ್ಲಿ 10 ಲಕ್ಷಕ್ಕೂ ಹೆಚ್ಚು ಪುಸ್ತಕಗಳಿವೆ, ಬಹುಪಾಲು ಬಂದದ್ದು ಪ್ರಕಾಶಕರಿಂದ. ಸ್ವಯಂಸೇವಕರು ಕತ್ತರಿಸಿ ಕತ್ತರಿಸಿ ಕಟ್ಟಿದ ಗ್ರಂಥಾಲಯ ಕಳ್ಳತನಕ್ಕೆ ದಾರಿಯಾಗಲಿಲ್ಲ ಎಂಬುದು ಕಣ್ಣಿಗೆ ಕಂಡ ಮೇಲೆ ಆ ಬಾಗಿಲು ತೆರೆಯಿತು. ಯುರೋಪಿನಲ್ಲಿ 2025ರ ಜೂನ್ 28ರಿಂದ ಮಾರಾಟಕ್ಕೆ ಬರುವ ಇ-ಪುಸ್ತಕಗಳು ಅಂಗವಿಕಲರೂ ಓದುವಂತೆ ಇರಬೇಕೆಂಬುದು ಕಾನೂನೇ ಆಗಿದೆ. ಒಂದು ಸ್ವಯಂಸೇವೆಯ ಯಶಸ್ಸನ್ನು ಅಳೆಯಬೇಕಾದ್ದು ಹೀಗೆ: ತನ್ನ ಅಗತ್ಯವನ್ನು ಎಷ್ಟರಮಟ್ಟಿಗೆ ಕಡಿಮೆ ಮಾಡಿತು ಎಂದು. ಆ ಅಳತೆಗೆ ಅಮೆರಿಕದವರು ಪಾಸು. ನಾವು?

ಕಾನೂನಿನ ಮಟ್ಟಿಗೆ ಭಾರತ ಹಿಂದೆ ಬಿದ್ದಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳಬಹುದು. 2012ಕ್ಕೆ ಮುಂಚೆ ಒಂದು ಪುಸ್ತಕವನ್ನು ಅಂಧರಿಗಾಗಿ ಧ್ವನಿಮುದ್ರಿಸಬೇಕಾದರೂ ಪ್ರಕಾಶಕರಿಗೆ ಪತ್ರ ಬರೆದು ಕಾಯಬೇಕಿತ್ತು. ಉತ್ತರ ಬಂದರೆ ಪುಣ್ಯ. 2009ರಲ್ಲಿ ಓದುವ ಹಕ್ಕಿಗಾಗಿ ದೇಶದಾದ್ಯಂತ ಆಂದೋಲನ ಹೊರಟಿತು. ಅಂಧರಿಗೆ ಪುಸ್ತಕ ಒದಗಿಸುವ ಸಂಸ್ಥೆಗಳ ಒಕ್ಕೂಟವಾದ ಡೈಸಿ ಫೋರಂ ಆಫ್ ಇಂಡಿಯಾದ ಜೊತೆ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯೂ ಅದರಲ್ಲಿತ್ತು. ಅಲ್ಲಿನ ನಿರ್ಮಿತಾ ನರಸಿಂಹನ್, ಇನ್‌ಕ್ಲೂಸಿವ್ ಪ್ಲಾನೆಟ್‌ನ ವಕೀಲ ರಾಹುಲ್ ಚೆರಿಯನ್ ಮುಂತಾದವರು ಕಾನೂನಿನ ಭಾಷೆಯನ್ನೇ ಹಿಡಿದು ವಾದಿಸಿದರು. 2012ರ ಹಕ್ಕುಸ್ವಾಮ್ಯ ತಿದ್ದುಪಡಿಯಲ್ಲಿ ಸೆಕ್ಷನ್ 52ಕ್ಕೆ ಸೇರಿದ ಒಂದು ಉಪವಿಧಿ, ಲಾಭದ ಉದ್ದೇಶವಿಲ್ಲದೆ ಅಂಗವಿಕಲರಿಗೆ ಓದಲು ಅನುಕೂಲವಾದ ರೂಪದಲ್ಲಿ ಪ್ರತಿ ಮಾಡುವುದು ಉಲ್ಲಂಘನೆಯಲ್ಲ ಎಂದಿತು. ಸಂಸ್ಥೆಗಳಿಗಷ್ಟೇ ಅಲ್ಲ, ಯಾರಿಗೆ ಬೇಕಾದರೂ ಆ ಅವಕಾಶ.

ಮರುವರ್ಷ ಜೂನ್ 27ರಂದು ಮೊರೊಕ್ಕೊದ ಮರಾಕೆಶ್ ನಗರದಲ್ಲಿ ಇದೇ ವಿಚಾರದ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದನ್ನು ನೋಡಲು ಚೆರಿಯನ್ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ ತೀರಿಕೊಂಡಿದ್ದರು. 2014ರಲ್ಲಿ ಒಪ್ಪಂದಕ್ಕೆ ಎಲ್ಲರಿಗಿಂತ ಮೊದಲು ಅನುಮೋದನೆ ಕೊಟ್ಟ ದೇಶ ಭಾರತ. 20 ದೇಶಗಳು ಸೇರಿ 2016ರ ಸೆಪ್ಟೆಂಬರ್ 30ರಂದು ಅದು ಜಾರಿಗೆ ಬಂತು. ಆ ಆಗಸ್ಟ್‌ನಲ್ಲೇ ಕೇಂದ್ರ ಸರ್ಕಾರ ಡೈಸಿ ಫೋರಂ ಜೊತೆ 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯ ತೆರೆದಿತ್ತು. ಇದರಿಂದ ಆದದ್ದೇನೆಂಬುದಕ್ಕೆ ಒಂದು ಉದಾಹರಣೆ: ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅವರ ಕೃತಿಗಳ ಹಕ್ಕುಸ್ವಾಮ್ಯ 2054ರವರೆಗೆ ಇರುತ್ತದೆ. ಆದರೆ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಅಂಧ ಓದುಗರೊಬ್ಬರಿಗಾಗಿ ಪಠ್ಯವಾಗಿಸಲು ಈಗ ಯಾರನ್ನೂ ಕೇಳಬೇಕಿಲ್ಲ. ಕಾನೂನಿನ ನೆಪ ಮುಗಿಯಿತು.

ಯಂತ್ರದ ನೆಪವೂ ಹೆಚ್ಚು ಕಡಿಮೆ ಮುಗಿದಿದೆ. ಎನ್‌ವಿಡಿಎ ಎಂಬ, ಪರದೆಯ ಮೇಲಿನ ಪಠ್ಯವನ್ನು ದನಿಯಾಗಿಸುವ ಸ್ಕ್ರೀನ್ ರೀಡರ್ ಉಚಿತ. ಅದರ ಜೊತೆಗೆ ಬರುವ ಇ-ಸ್ಪೀಕ್ ಕನ್ನಡವನ್ನೂ ಓದುತ್ತದೆ. ದನಿ ಒರಟು, ಆದರೆ ಅಭ್ಯಾಸವಾದವರು ಅದನ್ನೇ ಮೂರು ಪಟ್ಟು ವೇಗದಲ್ಲಿ ಓಡಿಸಿ ಕೇಳುತ್ತಾರೆ. ಕನ್ನಡದ ಓಸಿಆರ್ ಬಹುಕಾಲ ಕನಸಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಅವರ ತಂಡ 'ಲಿಪಿ ಜ್ಞಾನಿ' ಎಂಬುದನ್ನು ಮೊದಲಿನಿಂದ ಕಟ್ಟಿತು. 1970ರಿಂದ 2002ರವರೆಗೆ ಅಚ್ಚಾದ 35ಕ್ಕೂ ಹೆಚ್ಚು ಪುಸ್ತಕಗಳ ಪುಟಗಳಿಂದ, ಹಳಗನ್ನಡವನ್ನೂ ಕನ್ನಡ ಲಿಪಿಯ ಸಂಸ್ಕೃತ ಶ್ಲೋಕಗಳನ್ನೂ ಬಿಡದೆ, ಅದಕ್ಕೆ ಓದು ಕಲಿಸಿದರು. ಗೂಗಲ್‌ನ ಓಸಿಆರ್, ಮುಕ್ತ ತಂತ್ರಾಂಶವಾದ ಟೆಸರಾಕ್ಟ್ ಕೂಡ ಕನ್ನಡಕ್ಕೆ ಬಂದವು.

ಹಾಗಾದರೆ ಉಳಿದದ್ದೇನು? ಕರಡು ತಿದ್ದುವುದು. ಈ ಲೆಕ್ಕ ತೆಗೆಯುವಾಗ ಎಲ್ಲರೂ ದಾಟಿಕೊಂಡು ಹೋಗುವ ಕೆಲಸವೇ ಇದು. ಎಷ್ಟು ಪುಸ್ತಕ ಸ್ಕ್ಯಾನ್ ಆಯಿತು ಎಂಬುದು ವರದಿಯ ಮೊದಲ ಸಾಲಿನಲ್ಲಿರುತ್ತದೆ. ಎಷ್ಟನ್ನು ಒಬ್ಬರು ಕೂತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮೂಲದೊಂದಿಗೆ ಹೋಲಿಸಿ ಓದಿದರು ಎಂಬ ಕಾಲಂ ಇರುವ ವರದಿಯನ್ನು ಕಾಣುವುದು ಅಪರೂಪ.

ಕನ್ನಡದಲ್ಲಿ ಈ ಕೆಲಸ ಇಂಗ್ಲಿಷಿಗಿಂತ ಕಠಿಣ. ಇಂಗ್ಲಿಷಿನ ಯಂತ್ರ ಗುರುತಿಸಬೇಕಾದ ಆಕಾರಗಳು ನೂರರೊಳಗೆ. ನಮ್ಮಲ್ಲಿ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿ ಸಾವಿರಗಳ ಲೆಕ್ಕ. ಒತ್ತು ಸಾಲಿನ ಕೆಳಗೆ ಇಳಿಯುತ್ತದೆ. ಸಾಲುಗಳು ಒತ್ತೊತ್ತಾಗಿದ್ದರೆ ಯಂತ್ರ ಅದನ್ನು ಕೆಳಗಿನ ಸಾಲಿಗೆ ಸೇರಿಸುತ್ತದೆ ಅಥವಾ ಧೂಳೆಂದು ಒರೆಸಿಹಾಕುತ್ತದೆ. ಆಗ 'ಕತ್ತೆ' ಎಂಬುದು 'ಕತೆ' ಆಗುತ್ತದೆ, 'ಹಳ್ಳಿ' ಎಂಬುದು 'ಹಳಿ'. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು. ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದ ಪುಸ್ತಕಗಳಲ್ಲಿ ಶಾಯಿ ಹರಡಿ ಆ ಸೀಳು ಮುಚ್ಚಿಹೋಗಿರುತ್ತದೆ. ಶೆಟ್ಟರ ತಿಜೋರಿಯಲ್ಲಿದ್ದ ಧನ ಓಸಿಆರ್ ದಾಟುವಷ್ಟರಲ್ಲಿ ದನವಾಗಿರುತ್ತದೆ. ಅರ್ಕಾವತ್ತು ಕನ್ನಡದ ಒಂಬತ್ತರ ಹಾಗೆ ಕಾಣುತ್ತದೆ, ಅನುಸ್ವಾರ ಸೊನ್ನೆಯ ಹಾಗೆ. ಕಣ್ಣಿಗೆ ಎರಡೂ ಒಂದೇ. ಸ್ಕ್ರೀನ್ ರೀಡರಿಗೆ ಒಂದಲ್ಲ: 'ಸೂರ್ಯ' ಎಂದು ಕೇಳಬೇಕಾದಲ್ಲಿ 'ಸೂಯ ಒಂಬತ್ತು' ಎಂದು ಕೇಳುತ್ತದೆ. ಪುಟ ನೋಡಿಕೊಂಡು ತಿದ್ದುವವರ ಕಣ್ಣಿಗೆ ಈ ತಪ್ಪು ಬೀಳುವುದೇ ಇಲ್ಲ, ಏಕೆಂದರೆ ಪರದೆಯ ಮೇಲೆ ಅದು ಸರಿಯಾಗಿಯೇ ಕಾಣುತ್ತದೆ.

ಇಲ್ಲಿಯೇ ಒಂದು ಪಾಠವಿದೆ. ಕಿವಿಯಿಂದ ತಿದ್ದುವವರಿಗೆ ಸೊನ್ನೆ, ಒಂಬತ್ತುಗಳು ಥಟ್ಟನೆ ಸಿಗುತ್ತವೆ. ಆದರೆ ಒಂದು ಸಾಲು ಪೂರ್ತಿ ಬಿಟ್ಟುಹೋಗಿ ಎರಡು ವಾಕ್ಯಗಳು ಹೇಗೋ ಕೂಡಿಕೊಂಡಿದ್ದರೆ ಅದು ಕಿವಿಗೆ ತಿಳಿಯುವುದಿಲ್ಲ. ಮೂಲದ ಪುಟ ಮುಂದಿದ್ದವರಿಗೆ ಮಾತ್ರ ಗೊತ್ತಾಗುತ್ತದೆ. ಕತ್ತೆ ಕತೆಯಾದದ್ದನ್ನು ಪದಪರೀಕ್ಷಕ ತಂತ್ರಾಂಶ ಹಿಡಿಯುವುದಿಲ್ಲ, ಎರಡೂ ಸರಿಯಾದ ಪದಗಳೇ. ಕಣ್ಣು ಕಾಣುವ ಒಬ್ಬರು, ಕಾಣದ ಒಬ್ಬರು ಜೋಡಿಯಾಗಿ ಕೂತು ಮಾಡಿದ ಪುಸ್ತಕಕ್ಕೂ ಕಣ್ಣಿದ್ದವರಷ್ಟೇ ಮಾಡಿದ ಪುಸ್ತಕಕ್ಕೂ ಅಜಗಜಾಂತರ. ಆದರೂ ನಮ್ಮ ಬಹುತೇಕ ಯೋಜನೆಗಳಲ್ಲಿ ಕಣ್ಣು ಕಾಣದವರು ಬರುವುದು ಸಮಾರೋಪದ ದಿನ, ಹೂಗುಚ್ಛ ಸ್ವೀಕರಿಸಲು.

ತಿದ್ದುವವರು ಯಾರು? ನಿವೃತ್ತ ಮೇಷ್ಟ್ರುಗಳು, ಬ್ಯಾಂಕು, ಎಲ್‌ಐಸಿಗಳಿಂದ ಹೊರಬಂದವರು, ಮಕ್ಕಳನ್ನು ಸ್ಕೂಲಿಗೆ ಕಳಿಸಿ ಎರಡು ಗಂಟೆ ಬಿಡುವು ಮಾಡಿಕೊಳ್ಳುವ ಗೃಹಿಣಿಯರು, ಕನ್ನಡ ಓದು ಕೈತಪ್ಪಬಾರದೆಂದು ಹೊರದೇಶದಿಂದ ಒಂದೊಂದು ಅಧ್ಯಾಯ ತರಿಸಿಕೊಳ್ಳುವವರು. ಇವರಲ್ಲಿ ಕೆಲವರ ಕೈಯ ಶುದ್ಧಿ ಯಾವ ಪ್ರಕಾಶನದ ಸಂಪಾದಕರಿಗೂ ಕಡಿಮೆಯಿಲ್ಲ. ಇದಕ್ಕೆ ವಿರುದ್ಧವಾದ ಇನ್ನೊಂದು ಬಗೆಯೂ ಬೆಂಗಳೂರಿನಲ್ಲಿ ಬೆಳೆದಿದೆ: ಕಂಪನಿಯ ಸಾಮಾಜಿಕ ಜವಾಬ್ದಾರಿಯ ಲೆಕ್ಕಕ್ಕೆ ಒಂದು ಶನಿವಾರ, ಒಂದೇ ಬಣ್ಣದ ಟೀಶರ್ಟು, ಮಧ್ಯಾಹ್ನದ ಊಟ, ಗ್ರೂಪ್ ಫೋಟೊ. ಆ ದಿನ ಸ್ಕ್ಯಾನ್ ಆದ ಪುಟಗಳು ಹಾರ್ಡ್ ಡಿಸ್ಕಿನಲ್ಲಿ ಕೂತುಬಿಡುತ್ತವೆ. ಸ್ಕ್ಯಾನ್ ಮಾಡಲು ಒಂದು ದಿನದ ಉತ್ಸಾಹ ಸಾಕು. ತಿದ್ದಲು ಬೇಕಾದ್ದು ಅದೇ ಪುಸ್ತಕದೊಂದಿಗೆ ತಿಂಗಳು ಕಳೆಯುವ ತಾಳ್ಮೆ.

ಜ್ಞಾನವೂ ಬೇಕು. ದೇವನೂರ ಮಹಾದೇವರ 'ಕುಸುಮಬಾಲೆ'ಯನ್ನು ತಿದ್ದಲು ಕೂತ ಶಿಸ್ತಿನ ಸ್ವಯಂಸೇವಕರು ಮೊದಲ ಪುಟದಲ್ಲೇ ಎಡವುತ್ತಾರೆ. ನಂಜನಗೂಡು ಸೀಮೆಯ ಆ ಆಡುಮಾತಿನ ಕಾಗುಣಿತ ಯಾವ ನಿಘಂಟಿನಲ್ಲೂ ಇಲ್ಲ. ಯಂತ್ರದ ತಪ್ಪು ಯಾವುದು, ಲೇಖಕರು ಬೇಕೆಂದೇ ಬರೆದದ್ದು ಯಾವುದು ಎಂದು ಅಕ್ಷರ ಅಕ್ಷರಕ್ಕೂ ನಿಂತು ನೋಡಬೇಕು. ಶಾಲೆಯ ಕನ್ನಡಕ್ಕೆ ಅದನ್ನು 'ಸರಿಪಡಿಸಿ' ಕೊಟ್ಟರೆ ಅಂಧ ಓದುಗರ ಕೈಗೆ ಬೇರೆಯದೇ ಪುಸ್ತಕ ಹೋಗುತ್ತದೆ, ಅದು ಬೇರೆ ಎಂದು ಅವರಿಗೆ ಗೊತ್ತಾಗುವ ದಾರಿಯೂ ಇಲ್ಲ. ಪದ್ಯದ ಗತಿ ಇನ್ನೂ ಕಷ್ಟ. ಯಂತ್ರ ಸಾಲುಗಳನ್ನು ಗದ್ಯವಾಗಿ ಕೂಡಿಸಿಬಿಡುತ್ತದೆ, ಆದಿಪ್ರಾಸ ಎಲ್ಲೋ ನಡುವೆ ಕಳೆದುಹೋಗುತ್ತದೆ. ಇನ್ನು ಡಿಟಿಪಿ ಬಂದ ಮೇಲೆ ಪ್ರಕಾಶನ ಸಂಸ್ಥೆಗಳಲ್ಲಿ ಕರಡು ತಿದ್ದುವವರ ಹುದ್ದೆಯೇ ಮಾಯವಾಗಿರುವುದರಿಂದ, ಹೊಸ ಪುಸ್ತಕಗಳಲ್ಲಿ ಯಾವ ತಪ್ಪು ಸ್ಕ್ಯಾನರಿನದು, ಯಾವುದು ಮೂಲದ್ದೇ ಎಂದು ಹೇಳುವುದೂ ಸುಲಭವಲ್ಲ. ಅಚ್ಚಿನಲ್ಲಿದ್ದ ಹಾಗೆಯೇ ಇರಲಿ ಎಂಬುದು ಒಳ್ಳೆಯ ನಿಯಮ, ಕೈ ಎಷ್ಟೇ ತುರಿಸಿದರೂ.

ಈಚೆಗೆ ಇದಕ್ಕೊಂದು ಹೊಸ ತೊಡಕು ಸೇರಿದೆ. ಹಳೆಯ ಓಸಿಆರ್ ತಪ್ಪು ಮಾಡಿದರೆ ಅದು ತಪ್ಪೆಂದು ಕೂಗಿ ಹೇಳುವ ಹಾಗಿರುತ್ತಿತ್ತು. ಅರ್ಥವಿಲ್ಲದ ಅಕ್ಷರಗಳ ಗುಡ್ಡೆ. ಕೃತಕ ಬುದ್ಧಿಮತ್ತೆಯ ಹೊಸ ಸಾಧನಗಳು ಮಸುಕಾದ ಸಾಲನ್ನು ಕಂಡರೆ ಊಹಿಸಿ ತುಂಬುತ್ತವೆ, ನಯವಾದ ವ್ಯಾಕರಣಬದ್ಧ ಕನ್ನಡದಲ್ಲಿ. ಲೇಖಕರು ಬರೆಯದ ಮಾತು ಅವರ ಹೆಸರಿನಲ್ಲಿ ಕೂರುತ್ತದೆ. ಈ ಸಾಧನಗಳು ಬಂದ ಮೇಲೆ ತಿದ್ದುವವರು ಬೇಡವಾಗುತ್ತಾರೆ ಎಂಬ ಮಾತು ಕೇಳಿಬರುತ್ತಿದೆ. ನಮಗೆ ಕಾಣುವುದು ಉಲ್ಟಾ. ತಪ್ಪುಗಳ ಸಂಖ್ಯೆ ಇಳಿದಿದೆ, ನಿಜ. ಉಳಿದವು ಹುಡುಕಲಾಗದಷ್ಟು ಜಾಣತನದಿಂದ ಅಡಗಿವೆ.

ಇಷ್ಟೆಲ್ಲ ಪಾಡು ಏಕೆ, ಯಾರಾದರೂ ಓದಿ ಧ್ವನಿಮುದ್ರಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕರ್ನಾಟಕದಲ್ಲಿ ಆ ಪರಂಪರೆ ದೊಡ್ಡದು. ಮಧು ಸಿಂಘಾಲ್ ಅವರು 1990ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಮಿತ್ರಜ್ಯೋತಿ ಸಂಸ್ಥೆಗೆ ಸ್ವಯಂಸೇವಕರು ಓದಿಕೊಟ್ಟ ಧ್ವನಿಪುಸ್ತಕಗಳ ಗ್ರಂಥಾಲಯವೇ ಇದೆ. ಅದಕ್ಕೂ ಹಿಂದಿನದು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಲ್ಲಿ ಎಷ್ಟೋ ಅಂಧ ಮಕ್ಕಳಿಗೆ ವಿದ್ಯೆಯನ್ನು ಕಿವಿಯಿಂದಲೇ ಧಾರೆಯೆರೆದರು. ಆ ಸಾಧನೆಯ ಮುಂದೆ ತಲೆಬಾಗಲೇಬೇಕು. ಆದರೆ ಕಿವಿಯೊಂದಿದ್ದರೆ ಸಾಕೆಂಬ ಸಮಾಧಾನವನ್ನು ನಾವು ಅದರಿಂದ ಕಲಿತಿದ್ದರೆ ಅದು ನಮ್ಮ ಅನುಕೂಲಕ್ಕೆ ಮಾಡಿಕೊಂಡ ಅರ್ಥ. ಕೇಳಿದ್ದಷ್ಟೇ ಇದ್ದರೆ ಕಾಗುಣಿತ ಬರುವುದಿಲ್ಲ. ಒತ್ತು ಎಲ್ಲಿ, ಮಹಾಪ್ರಾಣ ಎಲ್ಲಿ ಎಂದು ಗೊತ್ತಿಲ್ಲದೆ ಬಿ.ಎ. ಮುಗಿಸಿದವರು ಅರ್ಜಿ ಬರೆಯಲು ಕೂತಾಗ ಪಡುವ ಅವಮಾನ ಅವರಿಗೇ ಗೊತ್ತು. ಧ್ವನಿಮುದ್ರಿಕೆಯಲ್ಲಿ ಒಂದು ಹೆಸರು ಹುಡುಕಲಾಗದು, ಉಲ್ಲೇಖ ಎತ್ತಿಕೊಳ್ಳಲಾಗದು. ಶುದ್ಧವಾದ ಪಠ್ಯ ಒಂದಿದ್ದರೆ ಅದು ದನಿಯೂ ಆಗುತ್ತದೆ, ಬೆರಳಿಗೆ ಬ್ರೈಲ್ ಕೂಡ ಆಗುತ್ತದೆ, ಮಂದದೃಷ್ಟಿಯವರಿಗೆ ದೊಡ್ಡಕ್ಷರವೂ ಆಗುತ್ತದೆ.

ಇದೇ ಕಾರಣಕ್ಕೆ, ಪಿಡಿಎಫ್ ಸಿಕ್ಕಿತೆಂದು ಹಿಗ್ಗುವ ನಮ್ಮ ಅಭ್ಯಾಸವನ್ನೂ ಮರುನೋಡಬೇಕು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಕನ್ನಡದ ಅಸಂಖ್ಯ ಹಳೆಯ ಪುಸ್ತಕಗಳು ಪುಟಗಳ ಚಿತ್ರವಾಗಿ ಹೊರಬಂದವು. ಸಂಶೋಧಕರಿಗೆ ಅದು ಹಬ್ಬ. ಸ್ಕ್ರೀನ್ ರೀಡರ್ ಮಾತ್ರ ಆ ಕಡತವನ್ನು ತೆರೆದು ಏನೂ ಹೇಳದೆ ಕೂರುತ್ತದೆ. ಬೆಂಗಳೂರಿನಲ್ಲಿ ಸರ್ವೆಂಟ್ಸ್ ಆಫ್ ನಾಲೆಜ್ ತಂಡದವರು ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಹುಡುಕಬಹುದಾದ ಪಠ್ಯದೊಂದಿಗೆ ಇಂಟರ್ನೆಟ್ ಆರ್ಕೈವ್‌ಗೆ ಸೇರಿಸುತ್ತಿರುವುದು ಒಂದು ಹೆಜ್ಜೆ ಮುಂದೆ. ಕನ್ನಡ ವಿಕಿಸೋರ್ಸ್‌ನವರು ಪುಟದ ಚಿತ್ರವನ್ನೂ ಪಠ್ಯವನ್ನೂ ಅಕ್ಕಪಕ್ಕ ಇಟ್ಟು ಒಬ್ಬರು ತಿದ್ದಿ ಇನ್ನೊಬ್ಬರು ಒಪ್ಪಿಗೆ ಹಾಕುವ ಕ್ರಮ ಇಟ್ಟುಕೊಂಡಿದ್ದಾರೆ. ಬುಕ್‌ಶೇರ್‌ನ ಮೊದಲ ದಿನಗಳ ಪದ್ಧತಿಯೇ ಇದು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳ ಮಟ್ಟಿಗೆ ಇವರ ಕೆಲಸವೂ ಅಂಧರಿಗಾಗಿ ತಿದ್ದುವವರ ಕೆಲಸವೂ ಒಂದೇ. ಈ ಎರಡು ಬಳಗಗಳು ಒಂದೇ ಗೋವಿಂದ ಪೈಗಳನ್ನು ಬೇರೆ ಬೇರೆಯಾಗಿ ತಿದ್ದಿದರೆ, 1990ರ ದಶಕದ ಅಮೆರಿಕದ ಮನೆಗಳಲ್ಲಿ ಆಗುತ್ತಿದ್ದದ್ದೇ ಇಲ್ಲೂ ಆದಂತೆ.

ಹಳೆಯ ಪುಸ್ತಕಗಳಿಗೆ ಬೇರೆ ದಾರಿಯಿಲ್ಲ, ಸ್ಕ್ಯಾನ್ ಮಾಡಿ ತಿದ್ದಲೇಬೇಕು. ಹೊಸ ಪುಸ್ತಕಗಳಿಗೆ? ಪ್ರಕಾಶಕರ ಕಂಪ್ಯೂಟರಿನಲ್ಲಿ ಕಡತ ಇದೆ. ಕೇಳಿದರೆ ಕೆಲವರು ಮರುಮಾತಿಲ್ಲದೆ ಕೊಡುತ್ತಾರೆ, ಅವರಿಗೆ ಋಣಿ. ಕೊಟ್ಟದ್ದು ತೆರೆದರೆ ಪೇಜ್‌ಮೇಕರ್ ಕಡತ, ಒಳಗೆ ನುಡಿಯದೋ ಶ್ರೀಲಿಪಿಯದೋ ಹಳೆಯ ಫಾಂಟು. ಅಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷಿನ ಸಂಕೇತಗಳ ಜಾಗದಲ್ಲಿ ವೇಷ ಹಾಕಿ ಕೂತಿರುತ್ತವೆ. ಸ್ಕ್ರೀನ್ ರೀಡರಿಗೆ ಅದು ಅರ್ಥವಿಲ್ಲದ ಬಡಬಡಿಕೆ. ಯುನಿಕೋಡಿಗೆ ಪರಿವರ್ತಿಸಿದರೆ ಅರ್ಕಾವತ್ತು ಮುಂತಾದವು ಸ್ಥಾನಪಲ್ಲಟವಾಗಿ ಮತ್ತೆ ತಿದ್ದುವ ಕೆಲಸ, ಆದರೆ ಸ್ಕ್ಯಾನಿಗೆ ಹೋಲಿಸಿದರೆ ಹತ್ತರಲ್ಲೊಂದು ಪಾಲೂ ಅಲ್ಲ. ರಾಜ್ಯ ಸರ್ಕಾರ ಯುನಿಕೋಡನ್ನು ಒಪ್ಪಿ ದಶಕವೇ ಕಳೆದಿದೆ. ಪುಸ್ತಕೋದ್ಯಮದ ಡಿಟಿಪಿ ಮಾತ್ರ ಹಳೆಯ ಜಾಡಿನಲ್ಲೇ ಇದೆ, ಏಕೆಂದರೆ ಬದಲಾಗಬೇಕಾದ ಒತ್ತಡ ಯಾರಿಂದಲೂ ಬಂದಿಲ್ಲ.

ಆ ಒತ್ತಡ ಎಲ್ಲಿಂದ ಬರಬಹುದು ಎಂಬುದು ಕನ್ನಡ ಪ್ರಕಾಶಕರಿಗೆಲ್ಲ ಗೊತ್ತು. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ. ಎಷ್ಟೋ ಪುಸ್ತಕಗಳು ಅಚ್ಚಾಗುವುದೇ ಅದನ್ನು ನಂಬಿಕೊಂಡು. ಆಯ್ಕೆಗೆ ಪುಸ್ತಕ ಸಲ್ಲಿಸುವಾಗ ಅದರ ಯುನಿಕೋಡ್ ಪಠ್ಯವನ್ನೂ ಕೊಡಬೇಕು, ಇಲಾಖೆ ಅದನ್ನು ಸುಗಮ್ಯ ಪುಸ್ತಕಾಲಯಕ್ಕೆ ತಲುಪಿಸಬೇಕು ಎಂದು ಒಂದು ನಿಬಂಧನೆ ಸೇರಿಸಿದರೆ ಎರಡು ವರ್ಷಗಳಲ್ಲಿ ಡಿಟಿಪಿ ಅಂಗಡಿಗಳು ತಾವಾಗಿಯೇ ಬದಲಾಗುತ್ತವೆ. ಸರ್ಕಾರದ ಅಕಾಡೆಮಿಗಳು, ಕನ್ನಡ ಪುಸ್ತಕ ಪ್ರಾಧಿಕಾರ, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಮೊದಲು ಮಾಡಿ ತೋರಿಸಲಿ. ಜನರ ಹಣದಲ್ಲಿ ಅಚ್ಚಾಗುವ ಪುಸ್ತಕವನ್ನು ಸ್ವಯಂಸೇವಕರು ಬೆನ್ನು ಕತ್ತರಿಸಿ ತಿದ್ದಬೇಕಾಗಿ ಬರುವುದು ನಾಚಿಕೆಗೇಡು. ಕಡತ ಸೋರಿಹೋದರೆ ಎಂಬ ಪ್ರಕಾಶಕರ ಭಯ ಸುಳ್ಳಲ್ಲ. ಆದರೆ ಕನ್ನಡ ಪುಸ್ತಕಗಳ ಕಳ್ಳ ಪಿಡಿಎಫ್‌ಗಳು ವಾಟ್ಸ್ಆ್ಯಪ್ ಗುಂಪು, ಟೆಲಿಗ್ರಾಮ್ ಚಾನಲ್‌ಗಳಲ್ಲಿ ಹರಿದಾಡುತ್ತಿರುವುದು ಫೋನಿನಲ್ಲಿ ಪುಟ ಪುಟದ ಫೋಟೊ ತೆಗೆದು. ಸುಗಮ್ಯ ಪುಸ್ತಕಾಲಯದಿಂದ ಪುಸ್ತಕ ಪಡೆಯಬೇಕಾದರೆ ಅಂಗವೈಕಲ್ಯದ ಪುರಾವೆ ಕೊಟ್ಟು ಸದಸ್ಯರಾಗಿರಬೇಕು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿದೋಷ ಉಳ್ಳವರು ಸುಮಾರು 50 ಲಕ್ಷ, ಕರ್ನಾಟಕದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು. ಇವರಲ್ಲಿ ಎಷ್ಟು ಜನ ಕನ್ನಡ ಪುಸ್ತಕ ಓದಬಯಸುತ್ತಾರೆ ಎಂದು ಗುಣಾಕಾರ ಹಾಕುವುದು ವ್ಯರ್ಥ. ಸಿಗದ ವಸ್ತುವಿಗೆ ಬೇಡಿಕೆ ಎಷ್ಟೆಂದು ಅಳೆಯಲಾಗದು. ಏನು ಬೇಕೆಂದು ಕೇಳುವುದು ಮಾತ್ರ ಸಾಧ್ಯ. ಕೇಳಿದರೆ ಬರುವ ಪಟ್ಟಿ ಸ್ವಯಂಸೇವಕರನ್ನು ಸ್ವಲ್ಪ ಕಕ್ಕಾಬಿಕ್ಕಿ ಮಾಡುತ್ತದೆ. ನಾವು ಸಾಮಾನ್ಯವಾಗಿ ಆರಿಸುವುದು ಸ್ಫೂರ್ತಿದಾಯಕ ಜೀವನಚರಿತ್ರೆ, ನೀತಿಕಥೆ, ಭಕ್ತಿ ಸಾಹಿತ್ಯ. ಅವರು ಕೇಳುವುದು ಮೊದಲಿಗೆ ಈ ವರ್ಷದ ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ಅದೂ ಪರೀಕ್ಷೆ ಮುಗಿಯುವ ಮುಂಚೆ. ಆಮೇಲೆ ತ್ರಿವೇಣಿ, ಭೈರಪ್ಪ, ಅಡುಗೆ ಪುಸ್ತಕ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಗೈಡಿನ ಕೋಷ್ಟಕಗಳನ್ನೂ ನಕ್ಷೆಗಳನ್ನೂ ಪಠ್ಯವಾಗಿಸುವುದು ಬೇಸರದ ಕೆಲಸ, ಮರುವರ್ಷ ಅದು ರದ್ದಿಗೆ ಹೋಗುತ್ತದೆ ಎಂಬುದು ಗೊತ್ತಿದ್ದೂ ಮಾಡಬೇಕಾದ ಕೆಲಸ. ಸ್ವಯಂಸೇವಕರು ಯಾರೂ ಅದನ್ನು ಕೈಗೆತ್ತಿಕೊಳ್ಳಲು ಮುಂದೆ ಬರುವುದಿಲ್ಲ. ಅದಕ್ಕೆ ಸಂಬಳ ಕೊಟ್ಟು ಜನ ಇಡಬೇಕು. ಪತ್ತೇದಾರ ಪುರುಷೋತ್ತಮನನ್ನು ನೋಡಿಕೊಳ್ಳುವವರು ಸಿಕ್ಕೇ ಸಿಗುತ್ತಾರೆ.